ಅಪ್ಪನ ಕಾಲಿಗೆ ಸ್ಟೆಂಟೋ, ಔಷಧಿ ಬಲೂನೋ?

ನಿಮ್ಮ ತಂದೆಯವರಿಗೆ 66 ವರ್ಷ, ಶುಗರ್ ಇದೆ, ನೂರು ಹೆಜ್ಜೆ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ತೊಡೆಯ ರಕ್ತನಾಳದಲ್ಲಿ ಬ್ಲಾಕ್. ಒಬ್ಬ ಡಾಕ್ಟರು ಸ್ಟೆಂಟ್ (ನಾಳ ತೆರೆದಿಡಲು ಒಳಗೇ ಬಿಡುವ ಲೋಹದ ಜಾಲರಿ ಕೊಳವೆ) ಅಂದರು, ಇನ್ನೊಬ್ಬರು ನಾಳದೊಳಗೆ ಉಬ್ಬಿಸಿ ಹೊರತೆಗೆಯುವ, ಔಷಧಿ ಲೇಪಿಸಿದ ಬಲೂನ್ ಅಂದರು, ಯಾರ ಮಾತು ಕೇಳಲಿ ಎಂದಿದ್ದೀರಿ. ನಾನು ಡಾಕ್ಟರಲ್ಲ, ಹನ್ನೊಂದು ವರ್ಷದಿಂದ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ರಕ್ತನಾಳದ ಬ್ಲಾಕ್ ಬಿಡಿಸುವ ಕೋಣೆಯಲ್ಲಿ, ಟೆಕ್ನಿಷಿಯನ್. ಟೇಬಲ್ ಪಕ್ಕ ನಿಂತು ಕಂಡದ್ದನ್ನು ಹೇಳುತ್ತೇನೆ.

ಇಬ್ಬರೂ ಸರಿ ಇರಬಹುದು. ಎಷ್ಟೋ ಸಲ ಇದು ತೀರ್ಮಾನವಾಗುವುದು ಓಪಿಡಿಯಲ್ಲಲ್ಲ, ಟೇಬಲ್ ಮೇಲೆ. ಮೊದಲು ಸಾದಾ ಬಲೂನಿನಿಂದ ನಾಳ ಹಿಗ್ಗಿಸಿ, ಬಲೂನ್ ಇಳಿಸಿ, ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ಡೈ ಬಿಟ್ಟು ನೋಡುತ್ತಾರೆ. ತೆರೆದ ನಾಳ ತೆರೆದೇ ನಿಂತರೆ ಔಷಧಿ ಬಲೂನ್ ಸಾಕು. ಒಳಪದರ ಹರಿದು ಜೋತುಬಿದ್ದರೆ, ಇಲ್ಲವೇ ನಾಳ ಮತ್ತೆ ಕುಗ್ಗಿಕೊಂಡರೆ ಸ್ಟೆಂಟ್ ಹಾಕದೆ ವಿಧಿಯಿಲ್ಲ. ಹಾಗಾಗಿ ಡಾಕ್ಟರನ್ನು ‘ಯಾವುದು’ ಎಂದು ಕೇಳುವ ಬದಲು ‘ಏನಾದರೆ ಸ್ಟೆಂಟ್ ಹಾಕುತ್ತೀರಿ’ ಎಂದು ಕೇಳಿ.

ಜಾಗವೂ ಮುಖ್ಯ. ಸೊಂಟದ ಮಟ್ಟದ ದೊಡ್ಡ ನಾಳಕ್ಕೆ ಸ್ಟೆಂಟ್ ಚೆನ್ನಾಗಿ ಕೂರುತ್ತದೆ. ತೊಡೆಸಂದು, ಮಂಡಿಯ ಹಿಂಭಾಗ ಮಡಚುವ ಜಾಗಗಳು. ಅಲ್ಲಿ ಲೋಹ ಬಿಡಲು ಯಾರಿಗೂ ಇಷ್ಟವಿಲ್ಲ. ತೊಡೆಯ ನಾಳ ನಡೆದಾಗ ತಿರುಚುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಾಗ ಬಾಗುತ್ತದೆ. ಅದಕ್ಕೇ ಅಲ್ಲಿನ ಸ್ಟೆಂಟ್ ನಿಟಿನಾಲ್ ಎಂಬ, ಒತ್ತಿದರೂ ಮತ್ತೆ ಅರಳುವ ಲೋಹದ್ದು. ಆದರೂ ವರ್ಷಗಳಾದ ಮೇಲೆ ಎಳೆ ಮುರಿದದ್ದನ್ನು ಎಕ್ಸ್‌ರೇಯಲ್ಲಿ ನೋಡಿದ್ದೇನೆ.

ಇನ್ನು ಔಷಧಿ ಬಲೂನ್. ಅದರ ಮೈಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಯ ತೆಳು ಲೇಪ. ಒದ್ದೆ ಕೈ ಮುಟ್ಟಿಸುವಂತಿಲ್ಲ. ಒಳಗೆ ಹೋದ ಕ್ಷಣದಿಂದಲೇ ರಕ್ತದಲ್ಲಿ ಲೇಪ ತೊಳೆದುಹೋಗಲು ಶುರು, ಆದ್ದರಿಂದ ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಯಾರೂ ಮಾತಾಡುವುದಿಲ್ಲ. ಜಾಗ ಮುಟ್ಟಿಸಿ, ಉಬ್ಬಿಸಿ, ಮೂರು ನಿಮಿಷ ಗಡಿಯಾರ ನೋಡುತ್ತಾ ನಿಲ್ಲುತ್ತೇವೆ. ರೋಗಿಗೆ ತೊಡೆ ಬಿಗಿದಂತಾಗುತ್ತದೆ, ಇಳಿಸಿದ ಮೇಲೆ ಹೋಗುತ್ತದೆ. ನಾಳದ ಗೋಡೆ ಸುಣ್ಣಗಟ್ಟಿದ್ದರೆ ಔಷಧಿ ಒಳಗಿಳಿಯುವುದು ಕಷ್ಟ. ಶುಗರ್ ಇರುವವರಲ್ಲಿ ಇದು ಮಾಮೂಲು.

‘ಅದು ಕ್ಯಾನ್ಸರ್ ಔಷಧಿಯಂತೆ’ ಎಂದು ಯಾರಾದರೂ ಹೆದರಿಸುತ್ತಾರೆ. ಹೌದು, ಅದೇ. ನಾಳದೊಳಗೆ ಜೀವಕೋಶ ಬೆಳೆದು ಮತ್ತೆ ಮುಚ್ಚದಿರಲಿ ಎಂದು ಹಚ್ಚುತ್ತಾರೆ. ಇದರಿಂದ ಸಾವು ಹೆಚ್ಚಬಹುದೆಂದು 2018ರ ಕೊನೆಯಲ್ಲಿ ಒಂದು ವಿಶ್ಲೇಷಣೆ ಬಂದು ಗಲಿಬಿಲಿಯಾಯಿತು. 2020ರಲ್ಲಿ ಸ್ವೀಡನ್ನಿನ 2289 ರೋಗಿಗಳ ಅಧ್ಯಯನವೊಂದರ ಮಧ್ಯಂತರ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಹೆಚ್ಚಿನ ಅಪಾಯಕ್ಕೆ ಆಧಾರವಿಲ್ಲ ಎಂದಿತು. ಚರ್ಚೆ ಪೂರ್ತಿ ನಿಂತಿಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ: ಅದೇ ಸ್ವೀಡನ್ನಿನ ಅಧ್ಯಯನ 2025ರಲ್ಲಿ ಮುಗಿದಾಗ, ಔಷಧಿ ಲೇಪದಿಂದ ಕಾಲು ಕತ್ತರಿಸುವುದು ಕಡಿಮೆಯಾಗಲಿಲ್ಲ, ದಿನನಿತ್ಯದ ಬದುಕೂ ಸುಧಾರಿಸಲಿಲ್ಲ ಎಂದು ಕಂಡಿತು. ದುಬಾರಿ ಬಲೂನ್ ಎಂದರೆ ಮ್ಯಾಜಿಕ್ ಅಲ್ಲ.

ದುಡ್ಡಿನ ಮಾತು. ‘ಸ್ಟೆಂಟಿಗೆ ಸರ್ಕಾರ ರೇಟ್ ಕಟ್ಟಿದೆಯಲ್ಲ’ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಜನ ವಾದಿಸುತ್ತಾರೆ. 2017ರ ಆ ಆದೇಶ ಹೃದಯದ ಸ್ಟೆಂಟಿಗೆ, ಕಾಲಿನದಕ್ಕಲ್ಲ. ಬಲೂನ್ ಮಾತ್ರ, ಬಲೂನ್ ಜೊತೆ ಸ್ಟೆಂಟ್ ಎಂದು ಎರಡು ಎಸ್ಟಿಮೇಟ್ ಬರೆಸಿಕೊಳ್ಳಿ.

ಒಂದು ತಮಾಷೆ: ಬ್ಲಾಕ್ ತೆಗೆಯುವ ಈ ವಿದ್ಯೆ ಮೊದಲು ಬಂದದ್ದು ಹೃದಯಕ್ಕಲ್ಲ, ಕಾಲಿಗೆ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ಡಾಕ್ಟರು, ಕಾಲು ಕತ್ತರಿಸಲು ಒಪ್ಪದ 82ರ ಅಜ್ಜಿಯೊಬ್ಬರ ತೊಡೆಯ ನಾಳ ಬಿಡಿಸಿದರು. ಬಲೂನ್ ಆಗಿನ್ನೂ ಇರಲಿಲ್ಲ.

ನಡೆದಾಗ ಮಾತ್ರ ನೋವಿದ್ದರೆ ಆತುರ ಬೇಡ. ಬೀಡಿ ಸಿಗರೇಟ್ ಇದ್ದರೆ ಬಿಡಿಸಿ, ಮಾತ್ರೆ ತಪ್ಪಿಸಬೇಡಿ. ನೋವು ಬರುವತನಕ ನಡೆದು, ನಿಂತು, ಮತ್ತೆ ನಡೆದು, ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ, ಮೂರು ತಿಂಗಳು ಮಾಡಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಆದರೆ ಪಾದದಲ್ಲಿ ಗಾಯ ಇದೆಯೇ, ರಾತ್ರಿ ಮಲಗಿದಾಗಲೂ ನೋವೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಮೇಲಿನ ಯಾವ ಲೆಕ್ಕವೂ ಬೇಡ, ನಾಳೆಯೇ ಕರೆದುಕೊಂಡು ಹೋಗಿ. ಶುಗರ್ ಇರುವವರಿಗೆ ಎಷ್ಟೋ ಸಲ ಗಾಯ ಆದದ್ದೇ ಗೊತ್ತಾಗುವುದಿಲ್ಲ. ಇವತ್ತು ಸಂಜೆ ನೀವೇ ಕೂತು ಅವರ ಬೆರಳ ಸಂದಿ, ಹಿಮ್ಮಡಿ ನೋಡಿ.