ಪ್ರಶ್ನೋತ್ತರ: ಬ್ರಾಡಕ್ ರಸ್ತೆಯ ಗುರುತುಗಳು

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೂಟ್ 40ರ ಬದಿಯಲ್ಲಿ ‘ಬ್ರಾಡಕ್ ರಸ್ತೆ’ ಎಂಬ ನೀಲಿ ಫಲಕಗಳಿವೆ, ಕಬ್ಬಿಣದ ಮೈಲಿಗಂಬಗಳೂ ಇವೆ. 1755ರಲ್ಲಿ ಸೇನಾಪತಿ ಬ್ರಾಡಕ್‌ನ ಬ್ರಿಟಿಷ್ ದಂಡು ಸಾಗಿದ್ದು ಇವು ನಿಂತಿರುವ ಜಾಗದಲ್ಲೇ? ಹಳೆಯ ದಾರಿಯನ್ನು ಗುರುತಿಸುವುದು ಹೇಗೆ?

ಉತ್ತರ: ಫಲಕ ನಿಂತಲ್ಲೇ ದಾರಿ ಇತ್ತೆಂದು ತಿಳಿಯಬೇಡಿ. ಚಿನ್ನದ ಬಣ್ಣದ ಅಕ್ಷರಗಳಿರುವ ಈ ನೀಲಿ ಫಲಕಗಳನ್ನು ರಾಜ್ಯ ಸರ್ಕಾರ 1946ರಿಂದ ನೆಡುತ್ತ ಬಂದಿದೆ. ವಾಹನದಲ್ಲಿ ಹೋಗುವವರಿಗೆ ಕಾಣಲೆಂದು ಅವು ಹೆದ್ದಾರಿಯ ಅಂಚಿನಲ್ಲಿವೆ. ನಿಜವಾದ ಜಾಗ ಒಳಗೆಲ್ಲೋ ಇರಬಹುದು. ಬರಹದಲ್ಲಿ ದಿಕ್ಕು, ದೂರ ಕೊಟ್ಟಿದ್ದರೆ ಅದನ್ನೇ ಮೊದಲು ಓದಿಕೊಳ್ಳಿ.

ಮೈಲಿಗಂಬಗಳಿಗೂ ಬ್ರಾಡಕ್‌ಗೂ ಸಂಬಂಧವಿಲ್ಲ. ಅವುಗಳ ಮೇಲೆ ಕಂಬರ್ಲೆಂಡ್, ವೀಲಿಂಗ್ ಊರುಗಳ ದೂರ ಇರುತ್ತದೆ. 1811ರಲ್ಲಿ ಕೆಲಸ ಶುರುವಾದ ನ್ಯಾಷನಲ್ ರೋಡ್‌ನ ಕಂಬಗಳವು.

ಇನ್ನು ದಾರಿ. ದಂಡಿನವರು ಮರ ಕಡಿದು ಸುಮಾರು 12 ಅಡಿ ಅಗಲಕ್ಕೆ, ಬಂಡಿ ಮತ್ತು ಫಿರಂಗಿ ಹೋಗುವಷ್ಟು ಬಿಡಿಸಿದ್ದರು. ಆಮೇಲಿನ ಬಂಡಿಗಳ ಓಡಾಟ, ಮಳೆನೀರಿನ ಕೊರೆತದಿಂದ ಅದು ತಗ್ಗಿದೆ. ಕಾಡಿನೊಳಗೆ ನೀವು ಹುಡುಕಬೇಕಾದ್ದು ಎರಡೂ ಬದಿ ಇಳಿಜಾರಿರುವ, ತಳ ಉರುಟಾದ ತಗ್ಗು. ಎಲೆ ಉದುರಿದ ಮೇಲೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ನೆತ್ತಿಯ ಬಿಸಿಲಿಗೆ ನೆರಳು ಬೀಳದೆ ತಗ್ಗು ಕಣ್ಣಿಗೇ ಹತ್ತುವುದಿಲ್ಲ. ಹೆಚ್ಚಿನವರು ಮೋಸಹೋಗುವುದು ಮರ ಸಾಗಿಸುವ ದಾರಿಗಳನ್ನು ಕಂಡು. ಗುಡ್ಡದ ಒಂದೇ ಬದಿ ಕಡಿದು, ಆ ಮಣ್ಣನ್ನು ಇನ್ನೊಂದು ಬದಿಗೆ ಸುರಿದು ಸಮ ಮಾಡಿದ್ದರೆ ಅದು ಈಚಿನ ಕೆಲಸ. ಗೆರೆ ಎಳೆದಂತೆ ನೇರ, ಒಂದೇ ಅಗಲ ಇದ್ದರೆ ಪೈಪ್‌ಲೈನ್ ಇರಬಹುದು. ಒಂದು ತಗ್ಗನ್ನು ಕಂಡು ತೀರ್ಮಾನಕ್ಕೆ ಬರಬೇಡಿ. ಅದೇ ಜಾಡಿನಲ್ಲಿ ಮುಂದೆಯೂ ತುಂಡುಗಳು ಸಿಗಬೇಕು.

ಕಣ್ಣು ಪಳಗಿಸಿಕೊಳ್ಳಲು ಫಾರ್ಮಿಂಗ್ಟನ್ ಬಳಿಯ ಬ್ರಾಡಕ್ ಸಮಾಧಿಗಿಂತ ಒಳ್ಳೆಯ ಜಾಗವಿಲ್ಲ. 1755ರ ಜುಲೈ 13ರಂದು ತೀರಿಕೊಂಡ ಸೇನಾಪತಿಯನ್ನು ದಾರಿಯ ನಡುವೆಯೇ ಹೂತು, ಶತ್ರುಗಳಿಗೆ ಸುಳಿವು ಸಿಗದಿರಲೆಂದು ಮೇಲೆ ಬಂಡಿಗಳನ್ನು ಹಾಯಿಸಿದ್ದರು. 1804ರಲ್ಲಿ ರಸ್ತೆ ಕೆಲಸದವರಿಗೆ ಅವನದೆಂದು ನಂಬಲಾದ ಮೂಳೆಗಳು ಸಿಕ್ಕವು. ಈಗ ಕಾಣುವ ದೊಡ್ಡ ಸ್ಮಾರಕ 1913ರದು. ಮೊದಲು ಹೂತಿದ್ದ ಜಾಗಕ್ಕೆ ಬೇರೆ ಗುರುತಿದೆ. ಹಳೆಯ ದಾರಿಯ ತಗ್ಗು ಅಲ್ಲೇ ಇದೆ.

ಇದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಗ. ಮೆಟಲ್ ಡಿಟೆಕ್ಟರ್ ತರುವಂತಿಲ್ಲ, ಅಗೆಯುವಂತಿಲ್ಲ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ.