17 ವರ್ಷ ದುಡಿದರೂ ಪಿಎಫ್ ಪಿಂಚಣಿ 1,600 ರೂಪಾಯಿ ಕೂಡ ಯಾಕೆ ಬರ್ತಿಲ್ಲ?

ನಿಮ್ಮ ತಂದೆ 17 ವರ್ಷ ಫ್ಯಾಕ್ಟರಿಯಲ್ಲಿ ದುಡಿದಿದ್ದಾರೆ, ಪಿಂಚಣಿ 1,600 ರೂಪಾಯಿ ಕೂಡ ಬರ್ತಿಲ್ಲ, ಆಫೀಸಿನವರು ಲೆಕ್ಕ ತಪ್ಪಿದ್ದಾರಾ ಅಂತ ಕೇಳಿದ್ದೀರಿ. ಓದಿದಾಗ ನಮ್ಮ ಮನೆಯ ವಿಷಯವನ್ನೇ ಯಾರೋ ಬರೆದಂತಾಯಿತು.

ನಮ್ಮಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದರು. 1996ರಲ್ಲಿ ಸೇರಿ, 58 ತುಂಬಿದ ಮೇಲೆ 2013ರಲ್ಲಿ ಬಿಟ್ಟರು. ಅವರಿಗೆ ಬರುವುದು 1,579 ರೂಪಾಯಿ. ನಾನೂ ಏನೋ ತಪ್ಪಾಗಿದೆ ಅಂದುಕೊಂಡು ಒಂದು ಭಾನುವಾರ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಲೆಕ್ಕ ಸರಿಯಾಗಿಯೇ ಇತ್ತು. ಅದೇ ಜಾಸ್ತಿ ಬೇಜಾರಾಯಿತು.

ಲೆಕ್ಕ ಹೀಗಿದೆ. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆದರೆ ಆ ಸಂಬಳಕ್ಕೆ ಒಂದು ಮಿತಿ ಇದೆ. ಅಪ್ಪನ ಸಂಬಳ ಕೊನೆಗೆ 11,000 ಇತ್ತು, ಆಗಿನ ಮಿತಿ 6,500. ಹಾಗಾಗಿ 6,500 ಗುಣಿಸು 17, ಭಾಗಿಸು 70. ಮಿತಿ 15,000ಕ್ಕೆ ಏರಿದ್ದು 2014ರ ಸೆಪ್ಟೆಂಬರ್‌ನಲ್ಲಿ, ಅಪ್ಪ ಮನೆಗೆ ಬಂದ ಮೇಲೆ. ಮಾಲೀಕರು ಕಟ್ಟುವ ಪಾಲಿನಿಂದ ಪಿಂಚಣಿಗೆ ಹೋಗುವುದು ಆ ಮಿತಿಯೊಳಗಿನ ಸಂಬಳದ 8.33%. ನಮ್ಮ ಸಂಬಳದಿಂದ ಹಿಡಿದದ್ದು ಪಿಎಫ್ ಗಂಟಾಗಿ ಬರುತ್ತದೆ. ನಮ್ಮಲ್ಲಿ ಅದು ಅಕ್ಕನ ಮದುವೆಗೆ ಆಯಿತು.

ಇನ್ನೊಂದು ವಿಷಯ, ಇದಕ್ಕೆ ಸರ್ಕಾರಿ ನೌಕರರಿಗೆ ಇರುವ ಹಾಗೆ ತುಟ್ಟಿಭತ್ಯೆ ಇಲ್ಲ. 2013ರಲ್ಲಿ 1,579, ಇವತ್ತಿಗೂ 1,579. ಆಗ ನಮ್ಮ ಮನೆ ಬಾಡಿಗೆ 3,500 ಇತ್ತು, ಈಗ 9,000. ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ 2014ರಲ್ಲಿ ಮಾಡಿದರು. ಅದನ್ನು 7,500 ಮಾಡಿ, ತುಟ್ಟಿಭತ್ಯೆಯನ್ನೂ ಕೊಡಿ ಅಂತ ಪಿಂಚಣಿದಾರರು ವರ್ಷಗಳಿಂದ ಧರಣಿ ಕೂರುತ್ತಿದ್ದಾರೆ. ಅದು ನ್ಯಾಯವಾದ ಬೇಡಿಕೆ ಅಂತಲೇ ನನ್ನ ಅಭಿಪ್ರಾಯ.

ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ಸಿಗುತ್ತದೆ. ಬೇರೆ ಪಿಂಚಣಿ ಬರುವವರಿಗೆ ಅದು ಇಲ್ಲ. ಅಂದರೆ ವರ್ಷಗಟ್ಟಲೆ ಪಿಎಫ್ ಕಟ್ಟಿಯೂ 1,000 ಪಡೆಯುವವರಿಗೆ ಈ 1,200 ಕೂಡ ಸಿಗುವುದಿಲ್ಲ. ಸಂಧ್ಯಾ ಸುರಕ್ಷಾದವರಿಗೆ ಕೊಡಬಾರದು ಅಂತಲ್ಲ, 1,200ರಲ್ಲಿ ಯಾರ ಜೀವನ ನಡೆಯುತ್ತೆ ಹೇಳಿ?

ಅಪ್ಪ ಬಾಯಿಬಿಟ್ಟು ಏನೂ ಕೇಳುವವರಲ್ಲ. ಹೋದ ವರ್ಷ ಬಿಪಿ ಮಾತ್ರೆಯ ಡಬ್ಬಿ ನೋಡಿದೆ. 30 ದಿನಕ್ಕೆ ಅಂತ ತಂದಿದ್ದು, 40 ದಿನ ಆದರೂ ಇನ್ನೂ ಒಂದು ಸ್ಟ್ರಿಪ್ ಉಳಿದಿತ್ತು. ಕೇಳಿದರೆ, "ತಲೆ ಸುತ್ತೋ ದಿನ ತಗೋತೀನಿ ಬಿಡಪ್ಪ" ಅಂದರು. ಆವತ್ತು ನನಗೆ ಊಟ ಸೇರಲಿಲ್ಲ. ಈಗ ಅಮ್ಮನೇ ಜನೌಷಧಿ ಅಂಗಡಿಗೆ ಹೋಗಿ ತರುತ್ತಾರೆ, ಅಲ್ಲಿ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ, ಅಮ್ಮನಿಗೆ ಬಸ್ ಕೂಡ ಫ್ರೀ. ನಿಮ್ಮ ತಂದೆಯ ಮಾತ್ರೆಗಳನ್ನೂ ಒಮ್ಮೆ ಸುಮ್ನೆ ಎಣಿಸಿ ನೋಡಿ.

ನಿಮ್ಮ ಲೆಕ್ಕದಲ್ಲಿ ನಿಜವಾಗಿಯೂ ತಪ್ಪಿರುವ ಸಾಧ್ಯತೆಯೂ ಇದೆ, ಸುಮ್ಮನಿರಬೇಡಿ. ಮೊದಲು ಬೇರೆ ಕಂಪನಿಯಲ್ಲಿ ಕೆಲಸ ಮಾಡಿದ್ದರೆ ಆ ಸೇವೆ ಸೇರಿದೆಯಾ ನೋಡಿ. ಬಿಟ್ಟುಹೋಗುವುದು ಹೆಚ್ಚಾಗಿ ಅದೇ. 58ಕ್ಕೆ ಮೊದಲೇ ಪಿಂಚಣಿ ತೆಗೆದುಕೊಂಡಿದ್ದರೂ ಮೊತ್ತ ಕಡಿಮೆಯಾಗುತ್ತದೆ, ಈಗಿನ ನಿಯಮದಲ್ಲಿ ಪ್ರತಿ ವರ್ಷಕ್ಕೆ 4%. ಪಿಪಿಒ ಕಾಗದದಲ್ಲಿ (ಪಿಂಚಣಿ ಮಂಜೂರಾದಾಗ ಕೊಡುವ ಆದೇಶ) ನಿಮ್ಮ ತಾಯಿಯ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತಲೂ ಈಗಲೇ ನೋಡಿ. ನಾಳೆ ಅವರು ಒಬ್ಬರೇ ಆದಾಗ ತಮಗೆ ಬರಬೇಕಾದ ಪಿಂಚಣಿಗಾಗಿ ಕಚೇರಿಗೆ ಅಲೆಯೋದು ಬೇಡ. ಜೀವನ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಯಾವ ತಿಂಗಳಲ್ಲಾದರೂ ಕೊಡಬಹುದು, ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ.

ಸೇರಿದ ತಾರೀಖು, ಬಿಟ್ಟ ತಾರೀಖು, ಕೊನೆಯ ಸಂಬಳ ಇಷ್ಟು ಇಲ್ಲಿ ಬರೆಯಿರಿ. ಕೂತು ಲೆಕ್ಕ ಹಾಕಿ ಹೇಳುತ್ತೇನೆ. ಪಿಪಿಒ ನಂಬರ್, ಆಧಾರ್ ನಂಬರ್ ಮಾತ್ರ ಹಾಕಬೇಡಿ.