ಲಿನಕ್ಸ್‌ನಲ್ಲಿ 4 ಟಿಬಿ ಡಿಸ್ಕ್‌ನ 200 ಜಿಬಿ ಎಲ್ಲಿ ಹೋಯಿತು?

ಹೊಸ 4 ಟಿಬಿ ಡಿಸ್ಕನ್ನು ಇಎಕ್ಸ್‌ಟಿ4 (ext4, ಲಿನಕ್ಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ವಿಧಾನ) ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಮೇಲೆ, ಒಂದು ಕಡತವನ್ನೂ ಹಾಕುವ ಮೊದಲೇ ಬಳಕೆಗೆ ಸಿಗುವ ಜಾಗದಲ್ಲಿ ಸುಮಾರು 200 ಜಿಬಿ ಕಡಿಮೆ ಕಾಣುವುದೇಕೆ ಎಂದು ಕೇಳಿದ್ದೀರಿ. ಆ ಜಾಗ ಕಳೆದುಹೋಗಿಲ್ಲ. ಬೇರೆ ಸೂಚನೆ ಕೊಡದಿದ್ದರೆ ಫಾರ್ಮ್ಯಾಟ್ ಆಜ್ಞೆಯು ಒಟ್ಟು ಬ್ಲಾಕ್‌ಗಳಲ್ಲಿ (ಡಿಸ್ಕಿನ ಜಾಗದ ಸಣ್ಣ ತುಣುಕುಗಳಲ್ಲಿ) ಶೇ. 5ರಷ್ಟನ್ನು ರೂಟ್, ಅಂದರೆ ವ್ಯವಸ್ಥೆಯ ಪೂರ್ಣ ಅಧಿಕಾರವಿರುವ ಬಳಕೆದಾರನಿಗೆಂದು ಕಾದಿರಿಸುತ್ತದೆ. ಸಾಮಾನ್ಯ ಬಳಕೆದಾರರು ಡಿಸ್ಕನ್ನು ತುಂಬಿಸಿಬಿಟ್ಟರೂ ಲಾಗ್ (ನಡೆದದ್ದರ ದಾಖಲೆ) ಬರೆಯುವಂತಹ ವ್ಯವಸ್ಥೆಯ ಕೆಲಸಗಳು ನಿಲ್ಲದಿರಲಿ, ಕಡತಗಳು ತುಂಡುತುಂಡಾಗಿ ಚದುರುವುದು ಕಡಿಮೆಯಾಗಲಿ ಎಂಬುದು ಇದರ ಉದ್ದೇಶ. ಡಿಸ್ಕ್‌ಗಳು ಕೆಲವೇ ಜಿಬಿ ಇದ್ದ ಕಾಲಕ್ಕೆ ಈ ಲೆಕ್ಕ ಸರಿಯಿತ್ತು. ಸಿನಿಮಾ, ಫೋಟೊ ತುಂಬಿಡುವ ಇಂದಿನ ಡಿಸ್ಕಿಗೆ ಅತಿಯಾಯಿತು.

ಡಿಸ್ಕಿನಲ್ಲಿ ನಿಮ್ಮ ವಿಭಾಗದ (ಪಾರ್ಟಿಷನ್) ಹೆಸರು ಎಸ್‌ಡಿಬಿ1 (sdb1) ಎಂದಿದ್ದರೆ, ಟರ್ಮಿನಲ್‌ನಲ್ಲಿ ‘sudo tune2fs -m 1 /dev/sdb1’ ಎಂಬ ಆಜ್ಞೆಯನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ. ಮೀಸಲು ಶೇ. 1ಕ್ಕಿಳಿದು, ಸುಮಾರು 160 ಜಿಬಿ ಆ ಕ್ಷಣವೇ ಮರಳುತ್ತದೆ. ಡಿಸ್ಕನ್ನು ಅನ್‌ಮೌಂಟ್ ಮಾಡಬೇಕಿಲ್ಲ (ಬಳಕೆಯಿಂದ ಬಿಡಿಸಬೇಕಿಲ್ಲ), ಕಡತಗಳಿಗೆ ಧಕ್ಕೆಯೂ ಇಲ್ಲ. ಬರೀ ಕಡತಗಳನ್ನು ಇಡುವ ಡಿಸ್ಕಾದರೆ 1ರ ಬದಲು 0 ಕೊಡಬಹುದು. ಆದರೆ ಲಿನಕ್ಸೇ ನೆಲೆಸಿರುವ ವಿಭಾಗದಲ್ಲಿ ಮೀಸಲನ್ನು ಪೂರ್ತಿ ತೆಗೆಯಬೇಡಿ: ಅದು ತುಂಬಿದ ದಿನ ಲಾಗಿನ್ ಆಗಿ ಬೇಡದ್ದನ್ನು ಅಳಿಸಲೂ ಪರದಾಡಬೇಕಾದೀತು.